ಮದ್ದು ಪಾಯಸದ ಕೆಂಪು: ಐದನೇ ಕ್ಲಾಸಿನ ಒಬ್ಬಳು ಹುಡುಗಿಯ ಪ್ರಕರಣ

ಇದು ನಡೆದದ್ದು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಊರು, ಶಾಲೆ, ವರ್ಷ ಯಾವುದನ್ನೂ ಹೇಳುವುದಿಲ್ಲ. ಹುಡುಗಿಯನ್ನು ದೀಪಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಬರೆಯುವ ಮೊದಲು ಅವಳನ್ನೂ ಅವಳ ಅಮ್ಮನನ್ನೂ ಕೇಳಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ನಡೆದ ಕ್ರಮವನ್ನು ಬದಲಿಸಿಲ್ಲ. ಮೇಲಿನ ಪ್ರೈಮರಿ ತರಗತಿಗಳಿಗೆ ಕಲಿಸುವ ನನ್ನಂಥವರಿಗೆ, ಹತ್ತು ಹನ್ನೊಂದು ವರ್ಷದ ಮಕ್ಕಳಿರುವ ಮನೆಯವರಿಗೆ ಮುಟ್ಟಿನ ಬಗ್ಗೆ, ಮೈಯ ಬದಲಾವಣೆಗಳ ಬಗ್ಗೆ ಮಕ್ಕಳಿಗೆ ಹೇಳುವಾಗ ಇದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಶಾಲೆಯ ಸುತ್ತ ಕಾಫಿ ತೋಟಗಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲು ಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಒಬ್ಬರದು ಕೊಡವ ಮಾತು, ಒಬ್ಬರದು ಅರೆಭಾಷೆ, ಇನ್ನೊಬ್ಬರದು ಯರವ ಮಾತು, ಮಲಯಾಳ, ತಮಿಳು. ಈಚೆಗೆ ಅಸ್ಸಾಮಿನಿಂದ ಬಂದ ಕೆಲಸಗಾರರ ಮಕ್ಕಳೂ ಇದ್ದಾರೆ. ಎಲ್ಲರೂ ಸೇರುವುದು ಶಾಲೆಯ ಕನ್ನಡದಲ್ಲಿ. ಆದರೆ ಮೈಯ ಬಗ್ಗೆ, ಅದರಲ್ಲೂ ಗುಟ್ಟಾದ ಜಾಗಗಳ ಬಗ್ಗೆ ಮಕ್ಕಳಿಗೆ ಗೊತ್ತಿರುವ ಮಾತೆಲ್ಲ ಮನೆಯ ಭಾಷೆಯದು. ಶಾಲೆಯ ಕನ್ನಡದಲ್ಲಿ ಅವರಿಗೆ ಅದಕ್ಕೆ ಮಾತೇ ಇಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಆಗ ನಮ್ಮಲ್ಲಿ ಒಂದು ರೂಢಿ ಇತ್ತು. ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದ ಸಿಸ್ಟರ್ ಬರುತ್ತಿದ್ದರು. ಏಳನೇ ಕ್ಲಾಸಿನ ಹುಡುಗಿಯರನ್ನು ಒಂದು ಕೋಣೆಯಲ್ಲಿ ಕೂರಿಸಿ ಮುಟ್ಟಿನ ಬಗ್ಗೆ ಹೇಳುತ್ತಿದ್ದರು. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಬಂದಾಗ ಅದನ್ನು ಆಫೀಸಿನ ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದೆವು. ಬೇಕಾದವರು ಬಂದು ಕೇಳಬೇಕು. ಹುಡುಗರಿಗೆ ಏನೂ ಇಲ್ಲ. ಐದು, ಆರನೇ ಕ್ಲಾಸಿನವರು 'ಇನ್ನೂ ಚಿಕ್ಕವರು'.

ಈ ರೂಢಿಯನ್ನು ನಾನು ಯಾವತ್ತೂ ಪ್ರಶ್ನಿಸಿರಲಿಲ್ಲ. ಹದಿಹರೆಯದವರಿಗಾಗಿ ದೇಶದಾದ್ಯಂತ 2014ರಲ್ಲಿ ಶುರುವಾದ ಆರೋಗ್ಯ ಕಾರ್ಯಕ್ರಮ ನೋಡುವುದೇ 10ರಿಂದ 19 ವರ್ಷದವರನ್ನು. ಅಂದರೆ ಐದನೇ ಕ್ಲಾಸಿನಿಂದಲೇ. ಹುಡುಗಿಯರಲ್ಲಿ ಬದಲಾವಣೆ 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು, ಹುಡುಗರಲ್ಲಿ 9ರಿಂದ 14ರೊಳಗೆ. ಪುಸ್ತಕದಲ್ಲಿ ಇದನ್ನೆಲ್ಲ ಓದಿದ್ದೆ. ನನ್ನ ಮುಂದಿನ ಬೆಂಚಿನಲ್ಲಿ ಕೂತ ಮಕ್ಕಳಿಗೂ ಇದಕ್ಕೂ ಸಂಬಂಧ ಇದೆ ಅಂತ ಮಾತ್ರ ಯೋಚಿಸಿರಲಿಲ್ಲ.

ಕಕ್ಕಡದ ಮಳೆಯಲ್ಲಿ

ಆಗಸ್ಟ್ ಮೊದಲ ವಾರ. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಆಗ ಕಕ್ಕಡ ತಿಂಗಳು, ಬಿಡದ ಮಳೆ. ಎರಡು ದಿನ ಮಳೆ ರಜೆ ಮುಗಿಸಿ ಶಾಲೆ ಶುರುವಾಗಿತ್ತು. ಮೂರನೇ ತಾರೀಕು ಕಕ್ಕಡ 18. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಅದನ್ನು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ. ಹಾಗೆ ಹೋದರೆ ಮದ್ದು ಮೈಗೆ ಹತ್ತಿತು ಅನ್ನುತ್ತಾರೆ ಅಜ್ಜಿಯರು. ಮಕ್ಕಳಿಗೆ ಅದೊಂದು ಆಟ. 'ನಂಗೆ ಕೆಂಪು ಹೋಯ್ತು, ನಿಂಗೆ?' ಎಂದು ಮಾರನೇ ದಿನ ಕೇಳಿಕೊಳ್ಳುತ್ತಾರೆ.

ಆ ವಾರ ಒಂದು ಮಧ್ಯಾಹ್ನ ದೀಪಾಳ ಸ್ಕರ್ಟಿನ ಹಿಂದೆ ರಕ್ತದ ಕಲೆ ಕಾಣಿಸಿತು. ಪಕ್ಕದ ಹುಡುಗಿ 'ಟೀಚರ್, ದೀಪಂಗೆ ಜಿಗಣೆ ಕಚ್ಚಿದೆ' ಎಂದಳು. ನಾನು ದೀಪಾಳನ್ನು ಕೇಳಿದೆ, 'ಹೌದಾ?' ಅವಳು ತಲೆ ಆಡಿಸಿದಳು. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ನಡೆದು ಬರುವ ಮಕ್ಕಳ ಕಾಲಲ್ಲಿ ಜಿಗಣೆ ಇಲ್ಲದ ದಿನವೇ ಇಲ್ಲ. ಕಚ್ಚಿ ಬಿಟ್ಟ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ. ನಾನು ನಂಬಿಬಿಟ್ಟೆ. ಅವಳಿಗೆ ಆಗ ಹತ್ತು ವರ್ಷ. ಬೇರೆ ಏನೂ ನನ್ನ ತಲೆಗೆ ಬರಲಿಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಅವಳು ಮೂರು ದಿನ ಬರಲಿಲ್ಲ. 'ಜ್ವರ' ಎಂದಳು. ಬಂದ ಮೇಲೆ ಆಟಕ್ಕೆ ಹೋಗುವುದನ್ನು ಬಿಟ್ಟಳು. ಕೊನೆಯ ಬೆಂಚಿಗೆ ಜಾಗ ಬದಲಿಸಿದಳು. ಹೋಮ್‌ವರ್ಕ್ ಎಲ್ಲ ಸರಿಯಾಗಿ ಮಾಡುತ್ತಿದ್ದ ಕಾರಣ ನಾನು ಅಷ್ಟಾಗಿ ಗಮನ ಕೊಡಲಿಲ್ಲ.

ಗಮನಿಸಿದವರು ಬಿಸಿಯೂಟದ ಅಡುಗೆ ಅಕ್ಕ. ಒಂದು ದಿನ ಊಟದ ಪಾತ್ರೆ ತೊಳೆದು ಮುಗಿಸಿ ಬಂದು ಹೇಳಿದರು: 'ಟೀಚರ್, ಆ ಮಗು ಅಡುಗೆಮನೆ ಹಿಂದಿನ ನಲ್ಲಿಯಲ್ಲಿ ಮಳೆಯಲ್ಲೇ ನಿಂತು ಏನೋ ಬಟ್ಟೆ ತೊಳೀತಿತ್ತು. ನನ್ನ ನೋಡಿ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಓಡಿಹೋಯ್ತು. ಸ್ವಲ್ಪ ನೋಡಿ.'

ಮೊದಲ ಪ್ರಯತ್ನ

ಆಗ ನನಗೆ ಅನುಮಾನ ಬಂತು. ಮಾಡಿದ ಮೊದಲ ಕೆಲಸವೇ ತಪ್ಪು. ಅವಳನ್ನು ಸ್ಟಾಫ್ ರೂಮಿಗೆ ಕರೆದು ಕೇಳಿದೆ. ಇನ್ನಿಬ್ಬರು ಶಿಕ್ಷಕರು ಅಲ್ಲೇ ಕೂತು ದಾಖಲಾತಿ ಬರೆಯುತ್ತಿದ್ದರು. 'ನಿನಗೆ ಏನಾದರೂ ತೊಂದರೆ ಇದೆಯಾ?' ಅವಳು 'ಇಲ್ಲ ಟೀಚರ್' ಎಂದಳು. ಹತ್ತು ವರ್ಷದ ಮಗು ಆ ಜಾಗದಲ್ಲಿ ಬೇರೆ ಏನು ಹೇಳೀತು?

ಎರಡನೆಯದು ಸ್ವಲ್ಪ ಯೋಚಿಸಿ ಮಾಡಿದ್ದು. ಸಿಸ್ಟರನ್ನು ಬೇಗ ಕರೆಸಿ, ಈ ಸಲ ಐದರಿಂದ ಏಳರವರೆಗಿನ ಎಲ್ಲ ಹುಡುಗಿಯರನ್ನೂ ಕೂರಿಸಿದೆ. ಹುಡುಗರನ್ನು ಗ್ರೌಂಡಿಗೆ ಕಳಿಸಿ ಬಾಗಿಲು ಹಾಕಿಕೊಂಡೆವು. ಗೋಡೆಗೆ ಗರ್ಭಾಶಯದ ಚಾರ್ಟು ನೇತುಹಾಕಿದೆ. 'ಋತುಸ್ರಾವ', 'ಅಂಡಾಶಯ', 'ಸಾಮಾನ್ಯವಾಗಿ 12ರಿಂದ 14ನೇ ವಯಸ್ಸಿನಲ್ಲಿ'. 40 ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದೆವು. 'ಪ್ರಶ್ನೆ ಇದೆಯಾ?' ಎಂದು ಕೇಳಿದೆ. ಯಾರೂ ತಲೆ ಎತ್ತಲಿಲ್ಲ. ದೀಪಾ ನೋಟ್‌ಬುಕ್ಕಿನಲ್ಲಿ ಚಾರ್ಟಿನ ಚಿತ್ರ ಬರೆದುಕೊಂಡಳು, ಅಂದವಾಗಿ, ಹೆಸರುಗಳ ಸಮೇತ.

ಬಾಗಿಲು ತೆಗೆದರೆ ಹೊರಗೆ ಆರೇಳು ಹುಡುಗರು ಕಿಟಕಿ ಕೆಳಗೆ ಕೂತಿದ್ದರು. ಆ ವಾರ ಪೂರ್ತಿ ಹುಡುಗಿಯರನ್ನು ಕಂಡರೆ ಅವರದು ಒಂದೇ ಕೀಟಲೆ. ಬಾಗಿಲು ಹಾಕಿದ್ದೇ ಅವರಿಗೆ ಪಾಠವಾಗಿತ್ತು. ಒಳಗೆ ಏನೋ ನಾಚಿಕೆಯ ವಿಷಯ ನಡೆಯುತ್ತಿದೆ ಎಂದು ನಾವೇ ಅವರಿಗೆ ಕಲಿಸಿದೆವು.

ಚೀಟಿ ಡಬ್ಬ

ಸಿಸ್ಟರ್ ಹೋಗುವಾಗ ಒಂದು ಮಾತು ಹೇಳಿದರು. 'ಮಕ್ಕಳು ಬಾಯಿ ಬಿಡಲ್ಲ ಮೇಡಂ. ಬರೆಸಿ ನೋಡಿ.' ಮನೆಯಿಂದ ಒಂದು ಹಳೆ ಬಿಸ್ಕೆಟ್ ಡಬ್ಬ ತಂದು ಮುಚ್ಚಳಕ್ಕೆ ಸೀಳು ಮಾಡಿದೆ. ಅದನ್ನು ಇಡುವ ಜಾಗದ ಬಗ್ಗೆ ಎರಡು ದಿನ ಯೋಚಿಸಿದೆ. ಮೇಜಿನ ಮೇಲಿಟ್ಟರೆ ಯಾರು ಹಾಕುತ್ತಾರೆ ಎಂದು ಎಲ್ಲರಿಗೂ ಕಾಣುತ್ತದೆ. ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಎಲ್ಲರೂ ಹಾಕಲೇಬೇಕು ಎಂದೆ. ಪ್ರಶ್ನೆ ಇಲ್ಲದವರು ಇವತ್ತು ಏನು ತಿಂದಿರಿ ಅಂತ ಬರೆಯಿರಿ. ಹುಡುಗರೂ, ಹುಡುಗಿಯರೂ. ಹೆಸರು ಬೇಡ. ಯಾವ ಭಾಷೆಯಲ್ಲಾದರೂ ಬರೆಯಿರಿ, ಕನ್ನಡ ಅಕ್ಷರ ಇದ್ದರೆ ಸಾಕು.

ಆ ಒಂದು ನಿಯಮದಿಂದ ಚೀಟಿ ಹಾಕುವುದು ನಾಚಿಕೆಯ ಕೆಲಸ ಆಗಲಿಲ್ಲ. ಅರ್ಧ ಚೀಟಿಗಳಲ್ಲಿ 'ಕಡಂಬುಟ್ಟು', 'ಇಡ್ಲಿ', 'ಏನೂ ತಿಂದಿಲ್ಲ' ಅಂತ ಇತ್ತು. ಉಳಿದವು ಹೀಗಿದ್ದವು:

'ಎದೆಯಲ್ಲಿ ಒಂದೇ ಕಡೆ ಗಂಟು ಇದೆ. ಮುಟ್ಟಿದರೆ ನೋವು. ಕ್ಯಾನ್ಸರಾ?'

'ರಕ್ತ ಹೋಗಿ ಹೋಗಿ ಮೈಯಲ್ಲಿ ಖಾಲಿ ಆಗಲ್ವಾ?'

'ನಾನು ಹುಡುಗ. ನನ್ನ ಎದೆ ಹುಡುಗಿ ಥರ ಉಬ್ಬುತ್ತಿದೆ. ನಾನು ಹುಡುಗಿ ಆಗ್ತೀನಾ?'

'ಚಡ್ಡಿಯಲ್ಲಿ ಬಿಳಿ ಅಂಟು. ಅಮ್ಮ ಬೈತಾರೆ.'

ಮತ್ತೆ ಒಂದು ಚೀಟಿ, ನಾಲ್ಕು ಮಡಿಕೆ ಮಾಡಿದ್ದು: 'ಮದ್ದು ಪಾಯಸ ತಿಂದ್ರೆ ಎಷ್ಟು ತಿಂಗಳು ಕೆಂಪು ಹೋಗುತ್ತೆ? ನಿಲ್ಲೋಕೆ ಏನು ತಿನ್ನಬೇಕು?'

ಆ ಚೀಟಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಅಕ್ಷರ ಯಾರದೆಂದು ಗೊತ್ತಾಯಿತು. ಎರಡು ತಿಂಗಳಿಂದ ಒಂದು ಮಗು ತನ್ನ ಮೈಯಲ್ಲಿ ಆಗುತ್ತಿರುವುದಕ್ಕೆ ಒಬ್ಬಳೇ ಕಾರಣ ಹುಡುಕಿಕೊಂಡಿತ್ತು. ಆ ಕಾರಣದಲ್ಲಿ ದಡ್ಡತನ ಇರಲಿಲ್ಲ. ಪಾಯಸ ತಿಂದ ಮಾರನೇ ದಿನವೇ ಶುರುವಾಗಿದೆ. ಪಾಯಸ ತಿಂದರೆ ಕೆಂಪು ಹೋಗುತ್ತದೆ ಎಂದು ಮನೆಯವರೇ ಹೇಳಿದ್ದಾರೆ. ಮೂತ್ರ ಹೋಗುವ ದಾರಿ ಬೇರೆ, ಮುಟ್ಟಿನ ದಾರಿ ಬೇರೆ ಎಂದು ಅವಳಿಗೆ ಯಾರೂ ಹೇಳಿಲ್ಲ. ನನ್ನ ಚಾರ್ಟಿನಲ್ಲಿ ಗರ್ಭಾಶಯ ಇತ್ತು, ಅಂಡನಾಳ ಇತ್ತು. ಕೂತು ನೋಡಿಕೊಂಡರೆ ಕಾಣುವ ಮೂರು ದಾರಿಗಳು ಮಾತ್ರ ಇರಲಿಲ್ಲ.

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. ಅಕ್ಷರ ಗುರುತು ಸಿಕ್ಕಿದೆ, ಅವಳನ್ನು ಕರೆದು ಮಾತಾಡಿಸಲಾ? ತುಂಬಾ ಆಸೆಯಾಯಿತು. ಆದರೆ ಹೆಸರು ಬೇಡ ಎಂದು ಮಾತು ಕೊಟ್ಟವಳು ನಾನು. ಇವತ್ತು ಅವಳನ್ನು ಕರೆದರೆ ನಾಳೆಯಿಂದ ಡಬ್ಬಕ್ಕೆ ಯಾರೂ ಚೀಟಿ ಹಾಕುವುದಿಲ್ಲ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟುತ್ತಿದ್ದಾರೆ, ಹಿಂಸೆ ಮಾಡುತ್ತಿದ್ದಾರೆ ಎಂದು ಬರೆದಿದ್ದರೆ ಮಾತು ಬೇರೆ. ಆಗ ಸುಮ್ಮನಿರುವ ಹಾಗೇ ಇಲ್ಲ, ಪೋಕ್ಸೊ ಕಾಯ್ದೆಯಲ್ಲಿ ತಿಳಿಸುವುದು ಕಡ್ಡಾಯ. ಈ ಚೀಟಿ ಹಾಗಿರಲಿಲ್ಲ. ಉತ್ತರವನ್ನು ಕ್ಲಾಸಿಗೇ ಹೇಳುತ್ತೇನೆ, ಅವಳಿಗೆ ಬೇಕಾದರೆ ಅವಳೇ ಬರಲಿ ಎಂದುಕೊಂಡೆ. ಒಂದು ವಾರದೊಳಗೆ ಬರದಿದ್ದರೆ ಅಡುಗೆ ಅಕ್ಕನ ಮೂಲಕ ಮಾತಾಡಿಸುವುದು ಎಂದೂ ತೀರ್ಮಾನಿಸಿದ್ದೆ.

ಮಾರನೇ ದಿನ ಬೋರ್ಡಿನಲ್ಲಿ ಚಿತ್ರ ಬರೆಯಲಿಲ್ಲ. ಅಡುಗೆಮನೆಯಿಂದ ಬೀಟ್ರೂಟ್ ಬೇಯಿಸಿದ ನೀರು, ಒಂದು ಲೋಟ, ಒಂದು ದೊಡ್ಡ ಚಮಚ ತಂದೆ. ಒಂದು ಪ್ಯಾಡ್ ಬಿಡಿಸಿ ಮೇಜಿನ ಮೇಲಿಟ್ಟೆ. ಮೊದಲು ಪಾಯಸದ ಪ್ರಶ್ನೆ. 'ಪಾಯಸದ ಬಣ್ಣ ಹೊಟ್ಟೆಗೆ ಹೋಗಿ ಮೂತ್ರದಲ್ಲಿ ಹೊರಗೆ ಬರುತ್ತದೆ. ಬೀಟ್ರೂಟ್ ತಿಂದರೂ ಕೆಲವರಿಗೆ ಹಾಗಾಗುತ್ತದೆ. ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ದಿನ ಹೋದರೆ, ತಿಂಗಳಾದ ಮೇಲೆ ಮತ್ತೆ ಬಂದರೆ, ಅದು ಪಾಯಸದ್ದಲ್ಲ.' ಆಮೇಲೆ ಮೂರು ದಾರಿಯ ವಿಷಯ. ಹುಡುಗಿಯರಿಗೆ ಮುಂದಿನದು ಮೂತ್ರಕ್ಕೆ, ಹಿಂದಿನದು ಕಕ್ಕಸಿಗೆ, ನಡುವಿನದು ಬೇರೆ. ಮುಟ್ಟಿನ ರಕ್ತ ಬರುವುದು, ಮಗು ಹುಟ್ಟುವುದು ಆ ನಡುವಿನ ದಾರಿಯಲ್ಲಿ.

ರಕ್ತ ಖಾಲಿ ಆಗಲ್ವಾ ಎಂಬ ಪ್ರಶ್ನೆಗೆ ಚಮಚದಲ್ಲಿ ಉತ್ತರ ಕೊಟ್ಟೆ. ಬೀಟ್ರೂಟ್ ನೀರನ್ನು ಎರಡು ಚಮಚ ಪ್ಯಾಡಿನ ಮೇಲೆ ಹುಯ್ದೆ, ಇನ್ನೊಂದು ಅರ್ಧ ಚಮಚ. ನಾಲ್ಕೈದು ದಿನದಲ್ಲಿ ಸೇರಿ ಹೋಗುವುದು ಹೆಚ್ಚಿನವರಿಗೆ ಇಷ್ಟೇ, 30ರಿಂದ 40 ಮಿಲಿಲೀಟರ್. ಬಟ್ಟೆಯಲ್ಲಿ ಹರಡಿದಾಗ ಜಾಸ್ತಿ ಕಾಣುತ್ತದೆ. 80 ದಾಟಿದರೆ, ಗಂಟೆಗೊಂದು ಪ್ಯಾಡ್ ತುಂಬಿದರೆ, ಏಳು ದಿನಕ್ಕಿಂತ ಜಾಸ್ತಿ ಹೋದರೆ ಡಾಕ್ಟರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪುವುದು ಸಹಜ. ಒಮ್ಮೆ 21 ದಿನಕ್ಕೆ ಬರಬಹುದು, ಒಮ್ಮೆ 45 ದಿನ ಆಗಬಹುದು.

ಎದೆಯ ಗಂಟಿಗೆ: ಅದು ಮೊದಲ ಗುರುತು. ಒಂದೇ ಕಡೆ ಮೊದಲು ಬರುವುದು, ಮುಟ್ಟಿದರೆ ನೋಯುವುದು ಎರಡೂ ಮಾಮೂಲು. ಅದು ಕಾಣಿಸಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಶುರುವಾಗುತ್ತದೆ. ಬಿಳಿ ಹೋಗುವುದು ಮುಟ್ಟಿಗೆ ಆರು ತಿಂಗಳೋ ವರ್ಷವೋ ಮೊದಲೇ ಶುರುವಾಗಬಹುದು. ತುರಿಕೆ, ಕೆಟ್ಟ ವಾಸನೆ ಇದ್ದರೆ ಮಾತ್ರ ಕಾಯಿಲೆ. ಅಮ್ಮ ಬೈಯಬೇಕಾದ ವಿಷಯವೇ ಅಲ್ಲ.

'ಈ ಬದಲಾವಣೆಗಳು ಎಂಟು ವರ್ಷಕ್ಕಿಂತ ಮೊದಲು ಶುರುವಾದರೆ ಡಾಕ್ಟರಿಗೆ ತೋರಿಸಬೇಕು, ಅಷ್ಟೇ. ಒಂಬತ್ತಕ್ಕೆ, ಹತ್ತಕ್ಕೆ ಮುಟ್ಟಾಗುವವರೂ ಇದ್ದಾರೆ. ಅದೂ ಸರಿಯೇ' ಎಂದು ಕೊನೆಯಲ್ಲಿ ಹೇಳಿದೆ. ದೀಪಾಳ ಕಡೆ ನೋಡದೆ ಹೇಳುವುದು ಕಷ್ಟವಾಯಿತು.

ಅವಳು ಬಂದ ದಿನ

ಎರಡು ದಿನ ಕಳೆಯಿತು. ದಸರಾ ರಜೆ ಶುರುವಾಗುವ ಹಿಂದಿನ ದಿನ, ಎಲ್ಲರೂ ಹೋದ ಮೇಲೆ ಅವಳು ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

'ಟೀಚರ್, ಅವತ್ತು ಸಿಸ್ಟರ್ ಇದ್ದಾಗ ನೀವು 12 ವರ್ಷ ಅಂದ್ರಿ. ನಂಗೆ 10. ಅದಕ್ಕೆ ನಂದು ಬೇರೆ ಏನೋ ಅಂದ್ಕೊಂಡೆ.'

ಈ ಒಂದು ಮಾತಿಗಾಗಿ ನಾನು ಈ ಪ್ರಕರಣ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ. ಆ 40 ನಿಮಿಷದ ಪಾಠದಲ್ಲಿ ಅವಳು ಪೂರ್ತಿ ಗಮನ ಕೊಟ್ಟು ಕೂತಿದ್ದಳು. ನಾನು ಹೇಳಿದ್ದನ್ನು ನಂಬಿದ್ದಳು. ನಂಬಿದ್ದರಿಂದಲೇ ತನಗೆ ಆಗುತ್ತಿರುವುದು ಮುಟ್ಟಲ್ಲ, ಕಾಯಿಲೆ ಎಂದು ಗಟ್ಟಿ ಮಾಡಿಕೊಂಡಿದ್ದಳು. 'ಸಾಮಾನ್ಯವಾಗಿ' ಎಂಬ ಪದ ದೊಡ್ಡವರಿಗೆ. ಮಕ್ಕಳಿಗೆ ಕೇಳಿಸುವುದು ಸಂಖ್ಯೆ ಮಾತ್ರ.

ಅವಳು ಅಮ್ಮನ ಹಳೆ ಲಂಗದ ತುಂಡು ಬಳಸುತ್ತಿದ್ದಳು. ತೊಳೆದು ಸೌದೆ ರಾಶಿಯ ಹಿಂದೆ, ಯಾರಿಗೂ ಕಾಣದ ಹಾಗೆ, ಪ್ಲಾಸ್ಟಿಕ್ ಕವರಿನಲ್ಲೇ ಇಡುತ್ತಿದ್ದಳು. ಕಕ್ಕಡದ ಮಳೆಯಲ್ಲಿ ಅಂಗಳದಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇದು ಒಣಗುತ್ತದೆಯೇ? ಒದ್ದೆಯದನ್ನೇ ಮತ್ತೆ ಕಟ್ಟಿಕೊಂಡು ತೊಡೆಯ ಸಂದಿಯೆಲ್ಲ ಕೆಂಪಾಗಿ ತುರಿಕೆ ಹತ್ತಿತ್ತು. ಮೂರು ದಿನ ಬರದೆ ಇದ್ದದ್ದು ನಡೆಯಲು ಆಗದೆ.

ಅಮ್ಮನಿಗೆ ಹೇಳೋಣ ಎಂದಾಗ ಅತ್ತಳು. ಸಂಬಂಧಿಕರ ಹುಡುಗಿ ಒಬ್ಬಳು ದೊಡ್ಡವಳಾದಾಗ ಶಾಮಿಯಾನ ಹಾಕಿ, ಎಲ್ಲರನ್ನೂ ಕರೆದು ಊಟ ಹಾಕಿಸಿದ್ದನ್ನು ನೋಡಿದ್ದಳು. 'ನಂಗೂ ಹಾಗೆ ಮಾಡ್ತಾರಾ? ಹುಡುಗರಿಗೆಲ್ಲ ಗೊತ್ತಾಗುತ್ತಾ?' ಆ ಹೆದರಿಕೆ ಕಾಯಿಲೆಯ ಹೆದರಿಕೆಗಿಂತ ದೊಡ್ಡದಿತ್ತು.

ಯಾರು ಹೇಳಬೇಕು, ಎಲ್ಲಿ ಹೇಳಬೇಕು ಎಂದು ಅವಳನ್ನೇ ಕೇಳಿದೆ. ಅವಳು ಆರಿಸಿದ್ದು ಅಡುಗೆ ಅಕ್ಕನನ್ನು, ನನ್ನನ್ನಲ್ಲ. ಸ್ವಲ್ಪ ನೋವಾಯಿತು, ಆದರೆ ಅವಳು ಆರಿಸಿದ್ದೇ ಸರಿ. ಅಡುಗೆ ಅಕ್ಕ ಅದೇ ಲೈನಿನ ಪಕ್ಕದವರು. ಅವಳ ಅಮ್ಮನ ಭಾಷೆ ಬಲ್ಲವರು. ಅವತ್ತೇ ಸಂಜೆ ಹೋಗಿ ಹೇಳಿದರು. ಮಾರನೇ ಬೆಳಿಗ್ಗೆ, ರಜೆಯಾದರೂ, ಅಮ್ಮ ತೋಟದ ಕೆಲಸಕ್ಕೆ ಹೋಗುವ ಮೊದಲು ನನ್ನ ಮನೆಗೆ ಬಂದರು.

'ನಂಗೆ 14ಕ್ಕೆ ಆಗಿದ್ದು ಟೀಚರೇ. ಇವಳಿಗೆ ಇನ್ನೂ ಟೈಮಿದೆ, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ನನ್ನ ಮಗಳು ನನ್ನ ಹತ್ರ ಮುಚ್ಚಿಟ್ಟಳಲ್ಲ.' ಇಷ್ಟು ಬೇಗ ಆಗಿದ್ದರಿಂದ ಏನಾದರೂ ತೊಂದರೆಯೇ ಎಂದೂ ಕೇಳಿದರು. ಊಟ, ಮೈಯ ಬೆಳವಣಿಗೆ, ಮನೆತನ, ಎಲ್ಲ ಸೇರಿ ಒಬ್ಬೊಬ್ಬರಿಗೆ ಒಂದೊಂದು ವಯಸ್ಸು. ತಾಯಿಗೆ ತಡವಾಗಿದ್ದರೆ ಮಗಳಿಗೂ ತಡವಾಗಬೇಕೆಂದಿಲ್ಲ. ಅಷ್ಟು ಹೇಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ ಎಂದೆ.

ಅಲ್ಲಿ ತುರಿಕೆಗೆ ಮುಲಾಮು ಕೊಟ್ಟರು. ಹಿಮೋಗ್ಲೋಬಿನ್ ನೋಡಿದರೆ 9.6. ಆ ವಯಸ್ಸಿಗೆ ಕನಿಷ್ಠ 11.5 ಇರಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗದೆ ಕಿಟಕಿಯಿಂದ ಎಸೆಯುತ್ತಿದ್ದಳು ಎಂದು ಆಗ ಗೊತ್ತಾಯಿತು. ಹೊಟ್ಟೆ ತೊಳಸುತ್ತದಂತೆ. ಊಟದ ಮೊದಲು ಕೊಡುತ್ತಿದ್ದೆವು. ಆಮೇಲಿಂದ ಬಿಸಿಯೂಟ ಆದ ಮೇಲೆ ಕೊಡಲು ಶುರು ಮಾಡಿದೆವು. ಎಸೆಯುವವರು ಕಡಿಮೆಯಾದರು.

ಶಾಮಿಯಾನ ಹಾಕಲಿಲ್ಲ. ಅಜ್ಜಿ ಮನೆಯೊಳಗೇ ಆರತಿ ಎತ್ತಿ, ಸಿಹಿ ಮಾಡಿ ಕೊಟ್ಟರಂತೆ.

ಅಂಗಳದ ಸಭೆ

ಇಲ್ಲಿಗೆ ಒಬ್ಬಳ ಕಥೆ ಒಂದು ದಡ ಸೇರಿತು. ಆದರೆ ಡಬ್ಬದಲ್ಲಿ ಇನ್ನೂ ಚೀಟಿಗಳಿದ್ದವು. ಐದನೇ ಕ್ಲಾಸಿನಿಂದಲೇ, ಹುಡುಗರಿಗೂ ಸೇರಿಸಿ ಕಲಿಸಬೇಕು ಎಂದಾಗ ಶಾಲೆಯಲ್ಲೇ ಒಪ್ಪಿಗೆ ಇರಲಿಲ್ಲ. ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬರು ನೇರವಾಗಿಯೇ ಹೇಳಿದರು: 'ಈಗಲೇ ಇದನ್ನೆಲ್ಲ ತಲೆಗೆ ತುಂಬಿದರೆ ಮಕ್ಕಳು ಕೆಟ್ಟುಹೋಗ್ತವೆ.' ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ನಾವು ಏನು ಕಲಿಸುತ್ತೇವೆ ಎಂದು ಗೊತ್ತಿಲ್ಲದೆ ಹೆದರಿದ್ದರು.

ಅದಕ್ಕೆ ವಾದ ಮಾಡುವುದು ಬಿಟ್ಟು ಪಾಠವನ್ನು ಮೊದಲು ಅಪ್ಪ ಅಮ್ಮಂದಿರಿಗೇ ಮಾಡಿದೆವು. ಮಕ್ಕಳಿಗೆ ಹೇಳುವ ಮಾತುಗಳನ್ನೇ, ಅದೇ ಬೀಟ್ರೂಟ್ ನೀರು, ಅದೇ ಚಮಚ. ಶಾಲೆಗೆ ಕರೆದರೆ ಬರುವವರು ಕಡಿಮೆ. ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿಲ್ಲ. ನವೆಂಬರ್ ಮೊದಲ ವಾರ, ಸಂತೆ ದಿನ ಬಿಟ್ಟು, ಸಂಜೆ ಐದೂವರೆಗೆ ಲೈನ್ ಮನೆಯ ಅಂಗಳದಲ್ಲೇ ಸೇರಿದೆವು. ಗಂಡಸರು ಮೊದಲು ದೂರದ ಹಲಸಿನ ಮರದ ಕೆಳಗೆ ನಿಂತಿದ್ದರು. ಕತ್ತಲಾದ ಮೇಲೆ ಒಬ್ಬೊಬ್ಬರೇ ಹತ್ತಿರ ಬಂದರು.

ಮೂರು ದಾರಿಯ ಮಾತು ಬಂದಾಗ ಒಬ್ಬರು ಅಜ್ಜಿ, ನಾಲ್ಕು ಮಕ್ಕಳ ತಾಯಿ, 'ಹೌದಾ? ನಂಗೂ ಇವತ್ತೇ ಗೊತ್ತಾಗಿದ್ದು' ಎಂದರು. ಯಾರೂ ನಗಲಿಲ್ಲ. ಆ ಮಾತಿನ ಮೇಲೆ ಸಭೆ ಬದಲಾಯಿತು. ಅಮ್ಮಂದಿರು ಕೇಳಲು ಶುರು ಮಾಡಿದರು. ಜಾಸ್ತಿ ಬಂದ ಪ್ರಶ್ನೆ ಮಳೆಗಾಲದ ಬಟ್ಟೆಯದು. ಸಿಸ್ಟರ್ ಹೇಳಿದ್ದು ಕೆಲಸಕ್ಕೆ ಬರುವ ಮಾತು: ಸೋಪು ಹಾಕಿ ತೊಳೆದು, ಮುಚ್ಚಿಡದೆ, ಒಲೆಯ ಹತ್ತಿರ ಬೇರೆ ಬಟ್ಟೆ ಹಾಕುವ ಕಡೆಯೇ ಹರಡಿ ಒಣಗಿಸಿ. ಇಸ್ತ್ರಿ ಇದ್ದರೆ ಬಿಸಿ ಇಸ್ತ್ರಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದಷ್ಟು ಪ್ಯಾಡ್ ಬಳಸಿ, ಬಿಸಿಲಿನ ತಿಂಗಳಲ್ಲಿ ಬಟ್ಟೆ. ಯಾವುದಾದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ.

ಎಸ್‌ಡಿಎಂಸಿಯವರು ಕೊನೆಯವರೆಗೂ ಕೂತಿದ್ದರು. ಹೋಗುವಾಗ, 'ಇಷ್ಟೇ ಆದರೆ ಹೇಳಿಕೊಡಿ' ಎಂದರು.

ಹುಡುಗರು

ಹುಡುಗರಿಗೆ ಹೇಳುವವರು ಯಾರು? ನಾನೇ ಹೇಳಿದರೆ ಅವರು ಕೇಳಬೇಕಾದ್ದನ್ನು ಕೇಳುವುದಿಲ್ಲ. ದೈಹಿಕ ಶಿಕ್ಷಣದ ಮಾಸ್ಟರು ಒಪ್ಪಿಕೊಂಡರು. ಅವರಿಗೂ ಮುಜುಗರ ಇತ್ತು, ಒಂದು ವಾರ ನನ್ನ ಹತ್ತಿರ ಕೂತು ತಯಾರಾದರು. ಕ್ಲಾಸ್ ರೂಮು ಬೇಡ ಎಂದು, ಹಾಕಿ ಆಟ ಮುಗಿದ ಮೇಲೆ ಗ್ರೌಂಡಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಮಾತಾಡಿದರು. ದನಿ ಒಡೆಯುವುದು, ಮೀಸೆ ಚಿಗುರುವುದು, ಬೆವರಿನ ವಾಸನೆ, ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗುವುದು. ಹುಡುಗರಲ್ಲಿ ಮೊದಲು ದೊಡ್ಡದಾಗುವುದು ವೃಷಣ, ಮೀಸೆ ಬರುವುದು ಬಹಳ ಆಮೇಲೆ.

ಎದೆಯ ಚೀಟಿಗೆ ಅವರು ಕೊಟ್ಟ ಉತ್ತರ ಆಮೇಲೆ ನನಗೆ ಹೇಳಿದರು. 'ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ನಂಗೂ ಆಗಿತ್ತು. ಒಂದು ವರ್ಷ ನಾನು ಹೊಳೆಗೆ ಈಜಲು ಹೋಗಲಿಲ್ಲ.' ಆ ಕೊನೆಯ ಮಾತಿಗೆ ಮೆಟ್ಟಿಲ ಮೇಲೆ ಪೂರ್ತಿ ಮೌನ. ಆಮೇಲೆ ಒಬ್ಬ ಕೇಳಿದನಂತೆ, 'ಸರ್, ಆಮೇಲೆ ಹೋದ್ರಾ?'

ಡಿಸೆಂಬರಿನಲ್ಲಿ ಪುತ್ತರಿ ಹಬ್ಬ ಮುಗಿದ ಮೇಲೆ ಹುಡುಗರು ಹುಡುಗಿಯರು ಒಟ್ಟಿಗೆ ಕೂತ ಮೊದಲ ಪಾಠ ಆಯಿತು. ಬಾಗಿಲು ತೆರೆದೇ ಇತ್ತು. ಅವತ್ತು ಮಾತಾಡಿದ್ದು ಒಂದೇ ವಿಷಯ, ಯಾರಿಗಾದರೂ ಬಟ್ಟೆಯಲ್ಲಿ ಕಲೆ ಕಂಡರೆ ಏನು ಮಾಡಬೇಕು. ಕಿಟಕಿ ಕೆಳಗೆ ಕೂತಿದ್ದ ಹುಡುಗರಲ್ಲೊಬ್ಬ ಹೇಳಿದ, 'ಸ್ವೆಟರ್ ಕೊಡಬಹುದು, ಸೊಂಟಕ್ಕೆ ಕಟ್ಟಿಕೊಳ್ಳಲಿ.' ನಮ್ಮ ಕಡೆ ಮಳೆಗಾಲದಲ್ಲಿ, ಚಳಿಗಾಲದಲ್ಲಿ ಎಲ್ಲರ ಬ್ಯಾಗಿನಲ್ಲೂ ಸ್ವೆಟರ್ ಇರುತ್ತದೆ. ನನಗೆ ಹೊಳೆಯದ ಉಪಾಯ ಅದು.

ಆಮೇಲೆ

ಕೀಟಲೆ ಪೂರ್ತಿ ನಿಂತಿತು ಎಂದು ಹೇಳಲಾರೆ. ಕಡಿಮೆಯಾಯಿತು. ಅಸ್ಸಾಮಿನ ಕುಟುಂಬದ ಒಬ್ಬಳು ಆರನೇ ಕ್ಲಾಸಿನ ಹುಡುಗಿ ಕೊಯ್ಲು ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಬೇರೆ ಕಡೆ ಹೋದಳು. ಅವಳಿಗೆ ಕನ್ನಡ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ನಮ್ಮ ಯಾವ ಪಾಠವೂ ಅವಳಿಗೆ ತಲುಪಲಿಲ್ಲ ಅಂತಲೇ ನನ್ನ ಭಾವನೆ. ಆ ಕೊರಗು ಉಳಿದಿದೆ. ಭಾಷೆ ಬರದ ಮಗುವಿಗೆ ಅದೇ ಭಾಷೆಯ ಒಬ್ಬ ದೊಡ್ಡವರನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕಿತ್ತು. ದೀಪಾಳ ಅಮ್ಮನಿಗೆ ಅಡುಗೆ ಅಕ್ಕ ಸಿಕ್ಕಿದ ಹಾಗೆ ಎಲ್ಲರಿಗೂ ಸಿಗುವುದಿಲ್ಲ.

ನಾವು ಬದಲಿಸಿಕೊಂಡದ್ದು ಕೆಲವು. ಮೊದಲ ಪಾಠ ಈಗ ಜೂನ್ ಎರಡನೇ ವಾರ, ಮಳೆ ರಜೆಗಳು ಶುರುವಾಗುವ ಮೊದಲು, ಐದನೇ ಕ್ಲಾಸಿಗೇ. ವಯಸ್ಸು ಹೇಳುವಾಗ ಒಂದೇ ಸಂಖ್ಯೆ ಹೇಳುವುದಿಲ್ಲ. ಯಾವಾಗ ಡಾಕ್ಟರಿಗೆ ತೋರಿಸಬೇಕು ಎಂಬುದನ್ನು ಎರಡೂ ತುದಿಯಿಂದ ಹೇಳುತ್ತೇನೆ: ಹುಡುಗಿಯರಿಗೆ 8ಕ್ಕೆ ಮೊದಲೇ ಶುರುವಾದರೆ, 13 ಆದರೂ ಎದೆ ಬೆಳೆಯದಿದ್ದರೆ, 15 ಆದರೂ ಮುಟ್ಟಾಗದಿದ್ದರೆ, ಹುಡುಗರಿಗೆ 9ಕ್ಕೆ ಮೊದಲು ಶುರುವಾದರೆ, 14 ಆದರೂ ಏನೂ ಕಾಣದಿದ್ದರೆ. ಈ ನಡುವೆ ಬರುವುದೆಲ್ಲ ಅವರವರ ಸಮಯ. ಮೊದಲು ದಾರಿಗಳು, ಆಮೇಲೆ ಗರ್ಭಾಶಯ. ಮೊದಲು 'ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?', ಆಮೇಲೆ ಪುಸ್ತಕದ ಹೆಸರು. ಪ್ಯಾಡ್ ಬೀರುವಿನಿಂದ ಹೊರಗೆ ಬಂದಿದೆ. ಹುಡುಗಿಯರ ಟಾಯ್ಲೆಟ್ಟಿನಲ್ಲಿ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡುತ್ತೇವೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಲೆಕ್ಕ ಬರೆಯಬೇಕಾಗಿಲ್ಲ. ಮೊದಲ ವಾರ ಡಬ್ಬ ಖಾಲಿಯಾಯಿತು, ಆಟಕ್ಕೆ ತೆಗೆದವರೂ ಇದ್ದರು. ಎರಡನೇ ತಿಂಗಳಿಂದ ಸರಿಹೋಯಿತು.

ದೀಪಾ ಈಗ ಏಳನೇ ಕ್ಲಾಸು. ಹಿಮೋಗ್ಲೋಬಿನ್ 12 ದಾಟಿದೆ. ಶಾಲೆಯ ಹಾಕಿ ತಂಡದಲ್ಲಿ ಆಡುತ್ತಾಳೆ. ಪ್ಲಾಸ್ಟಿಕ್ ಡಬ್ಬ ತುಂಬಿಸುವ ಕೆಲಸ ತಾನೇ ವಹಿಸಿಕೊಂಡಿದ್ದಾಳೆ.

ಈ ವರ್ಷ ಆಗಸ್ಟ್ 4ರಂದು ಬೆಳಿಗ್ಗೆ ಐದನೇ ಕ್ಲಾಸಿಗೆ ಹೋದೆ. ಒದ್ದೆ ಕೊಡೆಗಳು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದವು. ಒಬ್ಬಳು ಸಣ್ಣ ಹುಡುಗಿ ಪಕ್ಕದವಳಿಗೆ ಹೇಳುತ್ತಿದ್ದಳು, 'ನಂಗೆ ಇವತ್ತು ಕೆಂಪು ಹೋಯ್ತು!'

ಪಕ್ಕದವಳು ಪೆನ್ಸಿಲ್ ಚೂಪು ಮಾಡುತ್ತಲೇ ಕೇಳಿದಳು, 'ಯಾವ ದಾರೀಲಿ?'

'ಮುಂದಿನದ್ರಲ್ಲಿ.'

'ಹಾಗಾದ್ರೆ ಪಾಯಸದ್ದು.'